ಕಾರಿನ ಕೆಳಗೆ ಹಾಸಿದ ಬಟ್ಟೆ

ದೊಡ್ಡ ಮಾತುಗಳನ್ನೆಲ್ಲ ಸುದೀಪ ಊಟದ ನಡುವೆಯೇ ಹೇಳುತ್ತಿದ್ದ. ಬಾಯಲ್ಲಿ ರೊಟ್ಟಿ ಇದ್ದವರು ಕೂಡಲೇ ಎದುರಾಡಲಾರರು ಎಂಬ ಲೆಕ್ಕವಿದ್ದರೂ ಇರಬಹುದು. ಆ ಮೇ ತಿಂಗಳ ಮಧ್ಯಾಹ್ನವೂ, ಹೆಂಡತಿ ಮಧುಮತಿ ತಾಟಿಗೆ ಇನ್ನೊಂದು ಸಲ ಹೆಸರುಕಾಳಿನ ಪಲ್ಯ ಹಾಕುತ್ತಿದ್ದಾಗ ಅವನು ತಲೆ ಎತ್ತದೆ ಅಂದ:

"ಗಾಡಿ ಮಾರಿಬಿಡೂಣು. ರೋಣದ ಗ್ಯಾನಪ್ಪ ಬಂದು ನೋಡ್ತೀನಿ ಅಂದಾನ. ಕೆಳಗ ಎಣ್ಣಿ ಸೋರಾಕತ್ತೈತಿ. ಗೇರ್‌ಬಾಕ್ಸಿಂದ ಇರಬೇಕು. ಹಿಂಗ ಬಿಟ್ರ ಗುಜರಿಗೆ ಹಾಕೂದಾಗ್ತೈತಿ."

"ಎಣ್ಣಿ ಅಲ್ಲದು," ಎಂದರು ಅವನ ತಾಯಿ ಸುಶೀಲವ್ವ, ಒಲೆಯ ಮುಂದಿನಿಂದಲೇ. "ಕುಂಕುಮ. ಅಮಾಸಿಗೆ ನಿಂಬಿಹಣ್ಣಿಗೆ ಹಚ್ಚಿದ್ದು."

"ಅಮಾಸಿ ಆಗಿ ಎಷ್ಟ ದಿನ ಆತಬೇ? ಇನ್ನೂ ಹಸಿ ಇರ್ತೈತೇನು?"

"ನಾ ಹಚ್ಚಿದ್ದು ಹಸೀನ ಇರ್ತೈತಿ."

ಕಂಬಕ್ಕೆ ಒರಗಿ ಉಣ್ಣುತ್ತಿದ್ದ ಅಪ್ಪ ಶಂಭುಲಿಂಗಪ್ಪ ಮಜ್ಜಿಗೆಯ ಬಟ್ಟಲು ಕೆಳಗಿಟ್ಟರು. "ಕೆಂಪು ನೂಲಿನ ಲಡಿ ಒಣಾ ಹಾಕಿದ್ರಲ್ಲ ಸೆಡ್ಡಿನ್ಯಾಗ. ಆ ಬಣ್ಣ ಸೋರಿರಬೇಕು."

ಒಂದೇ ಕಲೆಗೆ ಒಂದೇ ಊಟದಲ್ಲಿ ಮೂರು ಕಾರಣ. ಮಧುಮತಿ ಪಲ್ಯದ ಬೋಗುಣಿ ಹಿಡಿದುಕೊಂಡೇ ನಿಂತಿದ್ದಳು. ಮಾವ ಆ ಮಾತನ್ನು ಯಾರ ಮುಖವನ್ನೂ ನೋಡದೆ ಹೇಳಿದರು ಎಂಬುದು ಅವಳ ಕಣ್ಣಿಗೆ ಬಿತ್ತು. ಅದಕ್ಕಿಂತ ಹೆಚ್ಚಾಗಿ ಕಿವಿಗೆ ಬಿದ್ದದ್ದು ಮಾರುವ ಮಾತು. ಆ ಕಾರು ಹೋದರೆ ನರಗುಂದವೂ ಹೋದಂತೆಯೇ.

ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಮುಗಿಸಿದ ಬೇಸಿಗೆಯಲ್ಲೇ ಮದುವೆಯಾಗಿ ಗಜೇಂದ್ರಗಡದ ಈ ನೇಕಾರರ ಮನೆಗೆ ಬಂದವಳು ಅವಳು. ಬಂದಂದಿನಿಂದ ಮಗ್ಗದ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದು, ರೊಟ್ಟಿ ಬಡಿಯುವುದು, ಮಗಳು ಚಿನ್ನುವನ್ನು ಶಾಲೆಗೆ ಕಳಿಸುವುದು. ಈಗ ನರಗುಂದದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಕರೆದಿದ್ದರು. ಒಂದು ದಿನ ಬಸ್ಸಿನಲ್ಲಿ ಹೋಗಿ ಪರೀಕ್ಷಿಸಿ ನೋಡಿದಳು. ರೋಣದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಕಾಲೇಜಿನ ಗೇಟು ಮುಟ್ಟುವಷ್ಟರಲ್ಲಿ ಮೊದಲ ಪಿರಿಯಡ್ಡಿನ ಹೊತ್ತು ಮುಗಿದುಹೋಗಿತ್ತು. "ಮೊದಲನೇ ಪಿರಿಯಡ್ ನಿಮ್ಮದ ಇರ್ತೈತ್ರಿ. ಹೊತ್ತಿಗೆ ಬರೂದಾದ್ರ ಬರ್ರಿ, ಇಲ್ಲಾಂದ್ರ ಈಗ ಹೇಳಿಬಿಡ್ರಿ," ಎಂದಿದ್ದರು ಪ್ರಾಂಶುಪಾಲರು. ಬರುತ್ತೇನೆ ಎಂದು ಹೇಳಿ ಬಂದಿದ್ದಳು. ಹೇಳುವಾಗ ಮನಸ್ಸಿನಲ್ಲಿ ಇದ್ದದ್ದು ಸೆಡ್ಡಿನಲ್ಲಿ ಮುಸುಕು ಹೊದ್ದು ನಿಂತ ಬಿಳಿ ಕಾರು.

ಆ ಕಾರು ಮನೆಗೆ ಬಂದದ್ದು ಶಂಭುಲಿಂಗಪ್ಪನವರ ಎಡಗಾಲಿನ ದೆಸೆಯಿಂದ. ಲಕ್ವಾ ಹೊಡೆದ ಮೇಲೆ ಅವರು ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ ಇಳಿಯುವುದು ನಿಂತಿತು. ಎಡಗಾಲು ತುಳಿಯದು, ಎಡಗೈ ಹಿಡಿದದ್ದನ್ನು ಬಿಟ್ಟುಬಿಡುವುದು. ಮೂರು ತಿಂಗಳು ಗೋಡೆ ನೋಡುತ್ತ ಮಲಗಿದವರು ಒಂದು ದಿನ ಎದ್ದು, ಎಡಗಾಲಿಗೆ ಕೆಲಸವೇ ಇಲ್ಲದ, ಗೇರು ತಾನೇ ಬದಲಾಗುವ ಹಳೆಯ ಕಾರೊಂದನ್ನು ಹುಬ್ಬಳ್ಳಿಯಿಂದ ತರಿಸಿದರು. ಸೀರೆಯ ಗಂಟು ಹಿಂದೆ ಹಾಕಿಕೊಂಡು ರೋಣ, ಹೊಳೆಆಲೂರು, ನರಗುಂದ ಎಂದು ಅಂಗಡಿಗಳನ್ನು ಸುತ್ತಿದರು. ಸೊಸೆಗೂ ಕಲಿಸಿದರು. "ಎಡಗಾಲ ಮರತಬಿಡವಾ. ಇದರಾಗ ಅದಕ್ಕ ಪಗಾರಿಲ್ಲ, ರಜಾನೂ ಇಲ್ಲ," ಎನ್ನುತ್ತಿದ್ದರು. ಲೈಸೆನ್ಸೂ ಆಯಿತು.

ಆಮೇಲೆ ಒಂದು ದಿನ ಹೆಂಡತಿಯನ್ನೂ ಚಿನ್ನುವನ್ನೂ ಕೂಡಿಸಿಕೊಂಡು ಇಟಗಿಗೆ ಹೊರಟಿದ್ದಾಗ, ಆ ಊರು ಇನ್ನೇನು ಬಂತು ಎನ್ನುವಾಗ ಅವರಿಗೆ ಜೊಂಪು ಬಂತು. ಕಾರು ರಸ್ತೆ ಬಿಟ್ಟು ಕಡಲೆ ಹೊಲದೊಳಗೆ ನಡೆದುಹೋಗಿ ಎರೆಮಣ್ಣಿನಲ್ಲಿ ಹೂತು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸುಶೀಲವ್ವ ಗಂಡನನ್ನು ಹೊಲದಿಂದ ಸೀದಾ ಅಲ್ಲಿನ ಭೀಮವ್ವನ ಗುಡಿಗೆ ನಡೆಸಿಕೊಂಡು ಹೋಗಿ ಆಣೆ ಹಾಕಿಸಿದರು: ಇನ್ನು ಮುಂದೆ ತಾವು ಗಾಡಿಯನ್ನು ರಸ್ತೆಗೆ ಇಳಿಸುವುದಿಲ್ಲ. ಅಂದಿನಿಂದ ಕೀಲಿ ದೇವರ ಜಗಲಿಯ ಮೇಲೆ, ಗಾಡಿ ಸೆಡ್ಡಿನೊಳಗೆ. ಕೇಳಿದವರಿಗೆ ಕೆಟ್ಟಿದೆ ಎಂದು ಹೇಳಿ ಹೇಳಿ, ಅದು ನಿಜವಾಗಿಯೂ ಕೆಟ್ಟಿದೆ ಎಂದೇ ಓಣಿ ನಂಬಿತ್ತು. ವರ್ಷ ದಾಟಿತ್ತು.

"ನರಗುಂದಕ್ಕ ನಾ ಹೆಂಗ ಹೋಗ್ಲಿ ಮತ್ತ?" ಎಂದು ಅವಳು ಗಂಡನನ್ನು ಕೇಳಿದ್ದು ತಾಟುಗಳನ್ನು ಎತ್ತಿದ ಮೇಲೆ.

"ಕೆಟ್ಟ ಗಾಡಿ ತಗೊಂಡು ಹ್ಯಾಂಗ ಹೋಗ್ತಿದ್ದಿ? ಅಪ್ಪನ ಮಗ್ಗದ ಕುಣಿ ಮುಚ್ಚಿ ಪವರ್‌ಲೂಮ್ ಹಾಕಬೇಕು ಅಂತ ನಾ ಒದ್ದಾಡಾಕತ್ತೀನಿ. ಗಾಡಿ ಹೋದ್ರ ಅದಕ್ಕೊಂದ ದಾರಿ ಆಗ್ತೈತಿ."

"ಕೆಟ್ಟೈತೋ ಇಲ್ಲೋ ಮೊದಲ ನೋಡೂಣಲ್ಲ."

"ನೋಡು. ನಿನ್ನ ಕಾಲೇಜಿನ್ಯಾಗ ಗೇರ್‌ಬಾಕ್ಸೂ ಕಲಿಸ್ತಿದ್ರೇನು?" ಎಂದು ಅವನು ಬೈಕಿನ ಮೇಲೆ ಸೀರೆಯ ಗಂಟು ಬಿಗಿದು ಹೊರಟುಹೋದ. ಮುಂಜಾನೆ ನೇಯ್ಗೆ, ಮಧ್ಯಾಹ್ನದ ಮೇಲೆ ಅಂಗಡಿಗಳ ತಿರುಗಾಟ, ಅದು ಅವನ ದಿನ.

ಮರುದಿನ ಮಧುಮತಿ ಕಾರಿನ ಮುಂದೆ ಮೊಣಕಾಲೂರಿದಳು. ಎಡಗಡೆಯ ಮುಂದಿನ ಗಾಲಿಯ ಹಿಂದೆ, ನೆಲದ ಫರಸಿಕಲ್ಲಿನ ಮೇಲೆ ಅಂಗೈಯಗಲದ ಕೆಂಪು ಕಲೆ. ಬಿಳಿ ನೂಲಿನ ಎಳೆಯೊಂದನ್ನು ಅದರಲ್ಲಿ ಅದ್ದಿ ತಂದು ಒಂದು ಬಟ್ಟಲು ನೀರಿನಲ್ಲಿ ಆಡಿಸಿದಳು. ಬಣ್ಣವಾಗಿದ್ದರೆ ನೀರೆಲ್ಲ ಕೆಂಪಾಗಬೇಕಿತ್ತು, ಆಗಲಿಲ್ಲ. ಮೇಲೆ ಎಣ್ಣೆಯ ಪೊರೆ ತೇಲಿತು. ಇಷ್ಟು ಅವಳು ನಿರೀಕ್ಷಿಸಿದ್ದೇ. ಆದರೆ ಬಟ್ಟಲಿನ ತಳದಲ್ಲಿ ಕುಂಕುಮದ ಸಣ್ಣ ಕಣಗಳೂ ಕೂತಿದ್ದವು. ಅತ್ತೆ ಹೇಳಿದ್ದೂ ಸುಳ್ಳಲ್ಲ. ನಿಂಬೆಹಣ್ಣು ಇಡುವುದು ಗಾಲಿಯ ಮುಂದೆ. ಕುಂಕುಮ ಗಾಲಿಯ ಹಿಂದೆ, ಎಣ್ಣೆ ಬಿದ್ದಲ್ಲಿಯೇ, ಹೇಗೆ ಬಂತು?

"ಏನದು ಬಟ್ಟಲದಾಗ?" ಸುಶೀಲವ್ವ ಹಿಂದೆ ಬಂದು ನಿಂತಿದ್ದರು.

"ಎಣ್ಣಿ ಐತ್ರಿ ಅತ್ತಿ. ಕುಂಕುಮಾನೂ ಐತಿ."

"ಅಂದ್ರ ನಾನೂ ಪಾಸು, ನನ್ನ ಮಗಾನೂ ಪಾಸು. ಏಳು, ಕಂಡಿಕಿ ತೀರ್ಯಾವ. ಬಟ್ಟಲ ಬ್ಯಾರೆ ಇಡು, ಅದರಾಗ ಯಾರಿಗೂ ಸಾರು ಹಾಕಬ್ಯಾಡ."

ಕೆಂಪೆಣ್ಣೆ ಗೇರ್‌ಬಾಕ್ಸಿನದೇ ಆಗಬೇಕೆಂದಿಲ್ಲ. ಈ ಕಾರಿನಲ್ಲಿ ಸ್ಟೇರಿಂಗಿಗೂ ಅದೇ ಬಣ್ಣದ ಎಣ್ಣೆ. ಬಾನೆಟ್ಟು ಎತ್ತಿ ನೋಡಿದಳು. ಸ್ಟೇರಿಂಗಿನ ಡಬ್ಬಿ ಬಲಗಡೆ ಇತ್ತು, ಗೆರೆಯವರೆಗೂ ತುಂಬಿತ್ತು. ಸೋರುತ್ತಿದ್ದದ್ದು ಎಡಗಡೆ, ಗೇರ್‌ಬಾಕ್ಸು ಇರುವ ಕಡೆ. ಅಲ್ಲಿಗೆ ಗಂಡನ ಮಾತೇ ಗಟ್ಟಿಯಾಯಿತು. ಅವಳಿಗೆ ಅಂದು ರೊಟ್ಟಿ ಸರಿಯಾಗಿ ಉಬ್ಬಲಿಲ್ಲ.

ಸುದೀಪ ತಡ ಮಾಡುವವನಲ್ಲ. ಮೂರನೆಯ ದಿನವೇ ರೋಣದ ರಸ್ತೆಯ ಮೆಕ್ಯಾನಿಕ್ ಬಾಬುಸಾಬನನ್ನು ಕರೆತಂದ. ಬಾಬುಸಾಬ ಮುಸುಕು ಸರಿಸಿ, ಕೆಳಗೆ ಬಗ್ಗಿ, ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮೂಸಿ ನೋಡಿದ.

"ಗೇರ್‌ಬಾಕ್ಸ್ ಎಣ್ಣೀನ. ಎಲ್ಲಿಂದ ಅಂತ ಹೇಳಾಕ ಬರಂಗಿಲ್ಲ, ಕೆಳಗೆಲ್ಲ ಹರದೈತಿ. ನಾ ಇಂಥಾ ಗಾಡಿ ಬಿಚ್ಚಂಗಿಲ್ರಿ. ಹುಬ್ಬಳ್ಳಿಗೆ ಒಯ್ಯಬೇಕು, ಗೇರ್‌ಬಾಕ್ಸ್ ಇಳಸಬೇಕು. ಭಾಳ ಖರ್ಚು."

"ನಾ ಹೇಳಲಿಲ್ಲೇನು?" ಎಂದ ಸುದೀಪ ಹೆಂಡತಿಗೆ.

ಹೋಗುವ ಮೊದಲು ಬಾಬುಸಾಬ ಕೀಲಿ ತಿರುವಿದ. ಕಾರು ಒಂದೇ ಏಟಿಗೆ ಚಾಲೂ ಆಯಿತು. "ಅಲಾ, ಬ್ಯಾಟ್ರಿ ಭೇಷ್ ಐತ್ರಿ!" ಎಂದು ಅವನು ನಕ್ಕ. ಸುದೀಪನೂ ನಕ್ಕ, ಗ್ಯಾನಪ್ಪನ ಮುಂದೆ ಹೇಳಲು ಒಂದು ಮಾತು ಸಿಕ್ಕಿತು.

ಮಧುಮತಿ ನಗಲಿಲ್ಲ. ವರ್ಷದ ಮೇಲೆ ಮುಟ್ಟದೆ ಬಿಟ್ಟ ಬ್ಯಾಟರಿ ಹೀಗೆ ಇರುವುದು ಸಾಧ್ಯವಿಲ್ಲ. ಅವಳು ಅತ್ತ ಇತ್ತ ನೋಡಿದಳು. ಶಂಭುಲಿಂಗಪ್ಪ ಕೋಲಿನ ತುದಿಯಿಂದ ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನು ಬಹಳ ಶ್ರದ್ಧೆಯಿಂದ ಪಕ್ಕಕ್ಕೆ ಸರಿಸುತ್ತಿದ್ದರು. ಸುಶೀಲವ್ವ, "ಎಲ್ಲಾ ಆ ಭೀಮವ್ವನ ದಯಾ. ತಿಂಗಳಾ ಪೂಜಿ ಮಾಡ್ತೀನಲ್ಲ," ಎಂದು ಬಾಬುಸಾಬನಿಗೆ ಚಹಾ ತರಲು ಒಳಗೆ ಹೋದರು.

ಬ್ಯಾಟರಿಯ ವಿಷಯ ಅವಳ ತಲೆಯಲ್ಲಿ ನೊಣದಂತೆ ಸುತ್ತಿತು. ಕಂಡಿಕೆ ಸುತ್ತುವಾಗ ಎಳೆ ಹರಿಯಿತು. ಹಾಲು ಉಕ್ಕಿತು. ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಕರೆಂಟು ಹೋಗಿ ಬಂದು ಹೋಗಿ ಮಾಡುತ್ತಿತ್ತು, ಪಕ್ಕದ ಮನೆಯ ಪವರ್‌ಲೂಮುಗಳು ಕರೆಂಟು ಬಂದಾಗಲೆಲ್ಲ ಗೋಡೆ ನಡುಗುವಂತೆ ಬಡಿಯುತ್ತಿದ್ದವು. ಊಟಕ್ಕೆ ಕೂತರೆ ಒಂದು ಮಾತಿಗೆ ಎರಡು ಮಾತು.

"ಆಕಿ ನರಗುಂದಕ್ಕ ಹೋದ್ರ ಕಂಡಿಕಿ ಯಾರು ಸುತ್ತವರು? ಬ್ಯಾರೆಯವ್ರನ್ನ ಇಟ್ಟರ ನಿನ್ನ ಸೀರಿಯೊಳಗ ಏನ ಉಳೀತೈತಿ?" ಎಂದು ಸುಶೀಲವ್ವ.

"ಅದನ್ನ ನಾನೂ ಹೇಳಾಕತ್ತಿದ್ದು ಬೇ."

"ನೀ ಹೇಳಬ್ಯಾಡ. ನೀ ಹೇಳಿದ್ರ ಆಕಿಗೆ ಸಿಟ್ಟ ಬರ್ತೈತಿ. ನಾ ಹೇಳ್ತೀನಿ."

"ನೀವ ಹೇಳಿದ್ರೂ ಬರ್ತೈತ್ರಿ ಅತ್ತಿ," ಎಂದಳು ಮಧುಮತಿ. ಶಂಭುಲಿಂಗಪ್ಪ ಮಾತ್ರ ನಕ್ಕರು, ನಕ್ಕು ನೀರಿನ ಚೊಂಬು ಎತ್ತಿ ಕುಡಿದರು. ಎಡಗೈಯಿಂದ ಎತ್ತಿದ್ದರು. ಚೊಂಬು ಅಲುಗಲಿಲ್ಲ. ಆ ಕೈ ಹೋದ ಸಂಕ್ರಾಂತಿಯಲ್ಲಿ ಒಂದು ಎಳ್ಳುಂಡೆಯನ್ನೂ ಹಿಡಿಯಲಾರದೆ ಕೆಡವಿತ್ತು.

ಸೋರುವುದು ಎಲ್ಲಿಂದ ಎಂದು ಹೇಳಲು ಬಾರದಿದ್ದುದಕ್ಕೆ ಕಾರಣ, ಎಣ್ಣೆ ಎಲ್ಲ ಕಡೆ ಹರಡಿದ್ದು. ಹಾಗಾದರೆ ಮೊದಲು ಒರೆಸಬೇಕು. ಮಧುಮತಿ ಹಳೆಯ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಉದ್ದನೆಯ ಬಿದಿರುಕಡ್ಡಿಯ ತುದಿಗೆ ಕಟ್ಟಿ, ಗೇರ್‌ಬಾಕ್ಸಿನ ಮೈಯನ್ನು ಮೂಲೆ ಮೂಲೆ ಒರೆಸಿದಳು. ಒಣಗಿದ ಮೇಲೆ ಅದೇ ಕಡ್ಡಿಗೆ ಅರಳೆಯ ಉಂಡೆ ಸಿಕ್ಕಿಸಿ ಚಿನ್ನುವಿನ ಪೌಡರನ್ನು ತೆಳ್ಳಗೆ ಬಡಿದಳು. ಒಣಗಿದ ಬಿಳುಪಿನ ಮೇಲೆ ಹೊಸದಾಗಿ ಒಸರಿದ ಹನಿ ತನ್ನ ದಾರಿಯನ್ನು ತಾನೇ ಬರೆಯಬೇಕು. ಕೆಳಗೆ, ಮಗ್ಗದಿಂದ ಇಳಿಸಿದ ಬಣ್ಣವಿಲ್ಲದ ಹತ್ತಿಬಟ್ಟೆಯ ತುಂಡನ್ನು ಹಾಸಿ ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟಳು.

"ಗಾಡಿಗೆ ಬಾಣಂತನ ಮಾಡಾಕತ್ತಿ ಏನವಾ?" ಎಂದರು ಶಂಭುಲಿಂಗಪ್ಪ ಸೆಡ್ಡಿನ ಬಾಗಿಲಲ್ಲಿ ನಿಂತು. ಧ್ವನಿಯಲ್ಲಿ ತಮಾಷೆಯಿತ್ತು, ಕಣ್ಣಿನಲ್ಲಿ ಇರಲಿಲ್ಲ.

"ಎರಡ ದಿನ ಬಿಟ್ಟು ನೋಡ್ತೀನ್ರಿ ಮಾವಾರ. ಈ ಬಟ್ಟಿ ಯಾರೂ ಸರಿಸಬಾರದು."

"ಯಾರ ಸರಿಸ್ತಾರ? ನಿಂತ ಗಾಡಿ."

ಎರಡು ದಿನ ಬಿಟ್ಟು, ಮೊಬೈಲನ್ನು ಬಿದಿರುಕಡ್ಡಿಗೆ ಕಟ್ಟಿ ಕೆಳಗೆ ತೂರಿಸಿ ಚಿತ್ರ ತೆಗೆದು ನೋಡಿದಳು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದಿಯಲ್ಲಿ ಪೌಡರು ಬೆಳ್ಳಗೇ ಇತ್ತು. ತಳದ ತಟ್ಟೆಯ ಸುತ್ತಲೂ ಬೆಳ್ಳಗೇ ಇತ್ತು. ಒಂದೇ ಒಂದು ಕಡೆ, ಗೇರು ಬದಲಿಸುವ ಸರಳು ಒಳಗೆ ಹೋಗುವಲ್ಲಿ, ಕೆಂಪು ಗೆರೆ ಹೊರಟು ಕೆಳಗಿಳಿದಿತ್ತು. ಅಲ್ಲಿರುವುದು ಬಳೆಯಷ್ಟೂ ಅಗಲವಿಲ್ಲದ ಒಂದು ರಬ್ಬರಿನ ಸೀಲು. ಅದನ್ನು ಬದಲಿಸಲು ಗೇರ್‌ಬಾಕ್ಸು ಇಳಿಸಬೇಕಾಗಿಲ್ಲ. ಅವಳ ಎದೆ ಹಗುರಾಯಿತು. ಕೂಡಲೇ ಸುದೀಪನಿಗೆ ಫೋನು ಮಾಡಬೇಕೆಂದು ಎದ್ದವಳು, ಬಟ್ಟೆಯನ್ನು ಹೊರಗೆಳೆದು ನೋಡಿ ಮತ್ತೆ ಕೂತಳು.

ನಿಂತ ಗಾಡಿ ಒಂದೇ ಜಾಗದಲ್ಲಿ ಹನಿಯಬೇಕು. ಬಟ್ಟೆಯ ಮೇಲೆ ಎರಡು ಕಲೆಗಳಿದ್ದವು, ಒಂದು ಮೊಳದ ಅಂತರದಲ್ಲಿ. ನಡುವೆ, ರಂಗೋಲಿಯ ಚುಕ್ಕೆ ಇಟ್ಟಂತೆ, ಸಣ್ಣ ಹನಿಗಳ ಸಾಲು.

ಅವಳು ಹಿಂದಿನ ಗಾಲಿಯ ಕಡೆ ಬಗ್ಗಿ ನೋಡಿದಳು. ಕಳೆದ ಅಮಾವಾಸ್ಯೆಗೆ ಇಟ್ಟ ನಿಂಬೆಹಣ್ಣು ಅಲ್ಲಿತ್ತು. ಚಪ್ಪಟೆಯಾಗಿ, ಒಣಗಿ, ಫರಸಿಗೆ ಅಂಟಿಕೊಂಡು. ಗಾಲಿ ಹತ್ತದೆ ನಿಂಬೆಹಣ್ಣು ಹಾಗೆ ಆಗದು.

ಸುದೀಪನಿಗೆ ಫೋನು ಮಾಡಲಿಲ್ಲ.

ಮರುದಿನ ಮಧ್ಯಾಹ್ನ ಚಿನ್ನುವಿಗೆ ಶಾಲೆಯ ಹೊಸ ಅಂಗಿ ಹೊಲಿಸಿಕೊಂಡು ಬರುತ್ತೇನೆ ಎಂದು ಮಗಳೊಂದಿಗೆ ಪೇಟೆಗೆ ಹೊರಟಳು. ಅರ್ಧ ದಾರಿಯಲ್ಲಿ ಅಳತೆಯ ಅಂಗಿ ಮರೆತದ್ದು ನೆನಪಾಯಿತು. ನಿಜವಾಗಿಯೂ ಮರೆತಿದ್ದಳೋ ಇಲ್ಲವೋ ಎಂದು ಆಮೇಲೆ ಅವಳಿಗೇ ಸರಿಯಾಗಿ ಹೇಳಲು ಬರಲಿಲ್ಲ. ಚಿನ್ನುವನ್ನು ದರ್ಜಿಯ ಹೆಂಡತಿಯ ಹತ್ತಿರ ಕೂಡಿಸಿ ಒಬ್ಬಳೇ ತಿರುಗಿ ಬಂದಳು. ಕರೆಂಟು ಇತ್ತು. ಪಕ್ಕದ ಪವರ್‌ಲೂಮುಗಳ ಬಡಿತದಲ್ಲಿ ಬೇರೆ ಯಾವ ಸದ್ದೂ ಕೇಳುತ್ತಿರಲಿಲ್ಲ.

ಸೆಡ್ಡಿನ ಬಾಗಿಲಿಗೆ ಅಡ್ಡವಾಗಿ ರಾಟಿ ಇಟ್ಟುಕೊಂಡು ಸುಶೀಲವ್ವ ಕಂಡಿಕೆ ಸುತ್ತುತ್ತಿದ್ದರು. ಬೇಸಿಗೆ ಶುರುವಾದಾಗಿನಿಂದ ಅವರು ಮಧ್ಯಾಹ್ನ ರಾಟಿಯನ್ನು ಅಲ್ಲಿಗೇ ಒಯ್ಯುತ್ತಿದ್ದರು, ಗಾಳಿ ಬರುತ್ತದೆ ಎಂದು. ಅವರ ಹಿಂದೆ, ಅರ್ಧ ಮುಸುಕು ಸರಿಸಿದ ಕಾರು ಒಂದು ಮೊಳ ಮುಂದೆ ಬಂತು. ನಿಂತಿತು. ಒಂದು ಮೊಳ ಹಿಂದೆ ಹೋಯಿತು. ಗಾಜಿನ ಹಿಂದೆ ಶಂಭುಲಿಂಗಪ್ಪ, ಬೆನ್ನು ನೆಟ್ಟಗೆ ಮಾಡಿಕೊಂಡು, ನರಗುಂದದ ಅಂಗಡಿಗೆ ಹೊರಟವರಂತೆ ದೂರ ನೋಡುತ್ತಿದ್ದರು. ಸುಶೀಲವ್ವನ ಪಕ್ಕದಲ್ಲಿ ಕುಂಕುಮದ ಬಟ್ಟಲಿತ್ತು.

ಸೊಸೆಯನ್ನು ಕಂಡು ಸುಶೀಲವ್ವ ರಾಟಿ ನಿಲ್ಲಿಸಲಿಲ್ಲ.

"ನೋಡಿದಿ?"

"ನೋಡಿದೆ."

"ನೋಡಿಲ್ಲ ಅನ್ಕೊ."

"ಎಂದಿನಿಂದ್ರಿ?"

"ಆಣಿ ಮಾಡಿದ ಮ್ಯಾಲ ಎರಡ ತಿಂಗಳಕ್ಕ. ಈ ಮನಿಶ್ಯಾ ಮತ್ತ ಗೋಡಿ ನೋಡ್ಕೋತ ಮಲಗಿದ್ದ. ನಾನ ಕೀಲಿ ತೆಗೆದು ಕೊಟ್ಟೆ." ಎಳೆ ಹರಿದಿತ್ತು, ಅವರು ಅದನ್ನು ತುಟಿಯಿಂದ ಒದ್ದೆ ಮಾಡಿ ಹೊಸೆದರು. "ಆಣಿ ಹಾಕ್ಸಿದ್ದು ರಸ್ತೇಕ. ಸೆಡ್ಡಿಗಲ್ಲ. ಅವ್ವನ ಮುಂದ ನಾ ಅಂದದ್ದು ನನಗ ನೆನಪೈತಿ."

"ಮತ್ತ ಕುಂಕುಮ?"

"ಸುದೀಪಗ ಗೊತ್ತಾದ್ರ ಸುಮ್ನ ಬಿಡ್ತಾನೇನು? ಅಪ್ಪ ಮತ್ತ ಗಾಡಿ ಹಿಡದ ಅಂತ ಹೇಳಿ ಅವತ್ತ ಮಾರ್ತಿದ್ದ. ಎಣ್ಣಿ ಬಿದ್ದಾಗೆಲ್ಲ ಮ್ಯಾಲ ಒಂದ ಚಿಟಿಗಿ ಹಾಕ್ತಿದ್ದೆ."

ಎಂಜಿನ್ನು ನಿಂತಿತು. ಶಂಭುಲಿಂಗಪ್ಪ ಇಳಿದು, ಬಾಗಿಲು ಹಿಡಿದುಕೊಂಡು ನಿಂತರು. ಸಿಕ್ಕಿಬಿದ್ದವರ ಮುಖ ಅದಾಗಿರಲಿಲ್ಲ. ಕೆಲಸದ ನಡುವೆ ಯಾರೋ ಕರೆದರೆ ಬರುವ ಮುಖ.

ಮಧುಮತಿ ಹೇಳಬೇಕಾದ್ದನ್ನು ಹೇಳಿದಳು. ಹೆಚ್ಚು ಓಡದ ಗಾಡಿಯಲ್ಲಿ ರಬ್ಬರು ಒಣಗಿ ಬಿರುಸಾಗುತ್ತದೆ, ಅದರಲ್ಲೇ ದಿನಾ ಗೇರು ಹಿಂದೆ ಮುಂದೆ ಮಾಡಿದರೆ ಆ ಸೀಲು ಸವೆಯುತ್ತದೆ. ಅದೊಂದನ್ನು ಬದಲಿಸಿದರೆ ಸಾಕು. ಇದನ್ನು ಸುದೀಪನಿಗೆ ತಿಳಿಸಿದರೆ ಗಾಡಿ ಉಳಿಯುತ್ತದೆ.

"ಉಳದು ಯಾರಿಗೆ?" ಎಂದರು ಶಂಭುಲಿಂಗಪ್ಪ. "ದುರಸ್ತಿ ಆದ್ರ ನೀ ಒಯ್ತಿ. ಮಾರಿದ್ರ ಗ್ಯಾನಪ್ಪ ಒಯ್ತಾನ. ಮಗ್ಗದ ಕುಣಿ ನಿನ್ನ ಗಂಡ ಮುಚ್ಚತಾನ. ನನಗ ಯಾವುದಾದ್ರೇನು?"

ಅವಳಿಗೆ ಸಿಟ್ಟು ಬಂತು. "ಗ್ಯಾನಪ್ಪ ಒಯ್ದ್ರ ಸಂಜಿಗೆ ತಿರುಗಿ ತರಂಗಿಲ್ರಿ ಮಾವಾರ," ಎಂದಳು. "ನಾ ತರ್ತೀನಿ."

ಅವರು ಮುಸುಕನ್ನು ಎಳೆದು, ಸುಕ್ಕು ಬಿಡಿಸಿ, ಮಗುವಿಗೆ ಹೊದಿಸಿದಂತೆ ಹೊದಿಸಿ ಒಳಗೆ ಹೋದರು.

ಗ್ಯಾನಪ್ಪ ಬಂದದ್ದು ಭಾನುವಾರ. ದಪ್ಪ ಮೈ, ಬಿಳಿ ಅಂಗಿ, ಕಂಕುಳಲ್ಲಿ ಚರ್ಮದ ಚೀಲ. ಅವನು ಕಾರಿನ ಸುತ್ತ ಮೌನವಾಗಿ ತಿರುಗಿದ. ಎತ್ತು ಕೊಳ್ಳುವವನಂತೆ ಅಲ್ಲಲ್ಲಿ ತಟ್ಟಿದ. ಸುದೀಪ ಹಿಂದೆ ಹಿಂದೆ ತಿರುಗುತ್ತ ಬ್ಯಾಟರಿಯ ಗುಣ ಹಾಡುತ್ತಿದ್ದ.

"ಗೇರ್‌ಬಾಕ್ಸ್ ಹೋದ ಗಾಡಿಗೆ ಬ್ಯಾಟ್ರಿ ತಗೊಂಡ ಏನ ಮಾಡ್ಲಿ ಸುದೀಪಪ್ಪ?" ಎಂದ ಗ್ಯಾನಪ್ಪ.

"ಗೇರ್‌ಬಾಕ್ಸ್ ಹೋಗಿಲ್ಲ," ಎಂದಳು ಮಧುಮತಿ. ಮೊಬೈಲಿನಲ್ಲಿದ್ದ ಚಿತ್ರ ತೋರಿಸಿದಳು. ಬಿಳಿ ಪೌಡರು, ಕೆಂಪು ಗೆರೆ, ಅದು ಹೊರಟ ಜಾಗ. "ಇದೊಂದು ಸೀಲು ಸವದೈತಿ. ಬಾಬುಸಾಬಗ ನಿನ್ನೆ ಫೋಟೋ ಕಳಿಸಿದ್ದೆ. ಇಳಸೂದ ಬ್ಯಾಡ, ಇಷ್ಟ ಆದ್ರ ತಾನ ಮಾಡ್ತೀನಿ ಅಂದಾನ."

ಸುದೀಪ ಚಿತ್ರ ನೋಡಿದ. ಹೆಂಡತಿಯನ್ನು ನೋಡಿದ. ಮಗ್ಗದ ಮುಂದೆ ಕೂತು ಒಂದು ಎಳೆ ತಪ್ಪಿದ್ದನ್ನು ಹಿಡಿಯುವ ಕಣ್ಣು ಅವನದು, ಸುಮ್ಮನೆ ಬಿಡಲಿಲ್ಲ.

"ಹೆಂಗ ಸವೀತು? ವರ್ಷದ ಮ್ಯಾಲ ನಿಂತ ಗಾಡಿ. ಗೇರ್ ಮುಟ್ಟದ ಸೀಲ್ ಹೆಂಗ ಸವೀತೈತಿ?"

ಪಕ್ಕದ ಮನೆಯ ಪವರ್‌ಲೂಮು ಭಾನುವಾರವೆಂದು ಸುಮ್ಮನಿತ್ತು. ಮಧುಮತಿ ಮೊಬೈಲು ಕೆಳಗಿಳಿಸಿದಳು. ಒಂದು ಮಾತು ಹೇಳಿದರೆ ನರಗುಂದ ಅವಳದಾಗುತ್ತಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಬಟ್ಟೆಯ ಮೂಲೆಯ ಇಟ್ಟಿಗೆಯನ್ನು ನೋಡುತ್ತ ನಿಂತಳು.

"ನಾ ಸವಸೀನಿ," ಎಂದರು ಶಂಭುಲಿಂಗಪ್ಪ.

ಸುದೀಪ ತಿರುಗಿದ. "ಏನಪ್ಪಾ?"

"ದಿನಾ ಮಧ್ಯಾಹ್ನ ಒಂದ ಮೊಳ ಮುಂದ, ಒಂದ ಮೊಳ ಹಿಂದ. ಸೆಡ್ಡ ದಾಟಿಲ್ಲ. ಕಾಲು ಹೋತು, ಮಗ್ಗ ಹೋತು. ಇದರಾಗರೆ ಕೂಡೂಣು ಅಂತ ಕೂತೆ."

"ಅವ್ವಾ, ನಿನಗ ಗೊತ್ತಿತ್ತೇನು?"

"ಕೀಲಿ ನನ್ನ ಕಡೆ ಇತ್ತಲ್ಲಪಾ," ಎಂದರು ಸುಶೀಲವ್ವ.

"ನಿನಗೂ?" ಎಂದು ಹೆಂಡತಿಗೆ. ಅವಳು ಹೌದೆಂದು ತಲೆ ಆಡಿಸಿದಳು. ಸುದೀಪನ ಮುಖ ಕೆಂಪಾಯಿತು. "ಅಂದ್ರ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು, ನನಗೊಬ್ಬಗ ಇಲ್ಲ. ನಾ ಹೊರಗಿನವ ಏನು? ಯಾರ ಸಲುವಾಗಿ ದುಡ್ಯಾಕತ್ತೀನಿ ನಾ?"

ಗ್ಯಾನಪ್ಪ ಚರ್ಮದ ಚೀಲವನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. "ನಾ ಇನ್ನೊಮ್ಮೆ ಬರ್ತೀನಿ ತಗೋರಿ," ಎಂದು ಹೊರಟ. ಸುಶೀಲವ್ವ ಅವನಿಗೆ ಚಹಾ ಕುಡಿದು ಹೋಗೆಂದರು. ಅವನು ಕುಡಿಯಲಿಲ್ಲ.

ಆ ರಾತ್ರಿ ಸುದೀಪ ಉಣ್ಣಲಿಲ್ಲ. ಮರುದಿನವೂ ಒಂದೇ ರೊಟ್ಟಿ ತಿಂದು ಎದ್ದ. ಮಾತು ಬೇಕಾದಷ್ಟೇ. ಅಪ್ಪನೊಂದಿಗೆ ಅದೂ ಇಲ್ಲ. ಮಗ್ಗ ಮಾತ್ರ ಹಿಂದೆಂದಿಗಿಂತ ಜೋರಾಗಿ ಬಡಿಯುತ್ತಿದ್ದ. ಆ ವಾರ ನೇಯ್ದ ಸೀರೆಯ ಹೆಣಿಗೆ ಕೈಗೆ ಬಿರುಸಾಗಿ ತಾಕುತ್ತಿತ್ತು. ಮಧುಮತಿಗೆ ಪ್ರಾಂಶುಪಾಲರ ಫೋನು ಎರಡು ಸಲ ಬಂತು. ಒಮ್ಮೆ ತೆಗೆದು, "ಬರ್ತೀನ್ರಿ ಸರ್," ಎಂದಳು, ಒಮ್ಮೆ ತೆಗೆಯಲಿಲ್ಲ.

ಮೌನ ಮುರಿದದ್ದು ಊಟದಲ್ಲೇ. ತಲೆ ಎತ್ತದೆ ಸುದೀಪ ಅಂದ: "ಬಾಬುಸಾಬ ನಾಳೆ ಬರ್ತಾನ. ಸೀಲ್ ಹುಬ್ಬಳ್ಳಿಯಿಂದ ತರಸ್ಯಾನ."

ಎಲ್ಲರ ಬಾಯಲ್ಲೂ ರೊಟ್ಟಿಯಿತ್ತು.

"ಕಂಡಿಕಿ ಯಾರು ಸುತ್ತವರು ಅಂತ ಮತ್ತ ಕೇಳಬ್ಯಾಡ ಬೇ," ಎಂದು ಅವನೇ ಮುಂದುವರಿಸಿದ.

"ಯಾಕ ಕೇಳ್ಲಿ? ಇವ್ರು ಸುತ್ತತಾರ," ಎಂದು ಸುಶೀಲವ್ವ ಗಂಡನ ಕಡೆ ಗಲ್ಲ ತೋರಿಸಿದರು. "ಗೇರ್ ಹಾಕ್ಕೋತ ಹಾಕ್ಕೋತ ಎಡಗೈ ಪಳಗೇತಿ. ಸುಮ್ನ ಕೂತ ಕೈ ಮತ್ತ ಮಲಗ್ತೈತಿ."

ಶಂಭುಲಿಂಗಪ್ಪ ಎಡಗೈಯ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡರು. ಮಗ್ಗದ ಕುಣಿಯ ವಿಷಯ ಅಂದು ಯಾರೂ ಎತ್ತಲಿಲ್ಲ.

ಬಾಬುಸಾಬ ಸೀಲು ಬದಲಿಸಿದ. ಎಂಜಿನ್ನು ಬಿಸಿಯಾಗಿ ಓಡುತ್ತಿರುವಾಗಲೇ ಎಣ್ಣೆಯ ಮಟ್ಟ ಅಳೆದು, ಕಡಿಮೆಯಾದಷ್ಟನ್ನು ತುಂಬಿದ. ಮಧುಮತಿ ಹೊಸ ಪೌಡರು ಬಡಿದು, ಹೊಸ ಬಟ್ಟೆ ಹಾಸಿದಳು. ಮುಂಜಾನೆ ಅವಳು ಏಳುವ ಮೊದಲೇ ಮಾವ ಬಟ್ಟೆ ಎಳೆದು ನೋಡಿ, ಬಂದು ವರದಿ ಒಪ್ಪಿಸುತ್ತಿದ್ದರು: "ಕೋರಾ ಐತಿ, ಒಂದ ಹನಿನೂ ಇಲ್ಲ." ಅದರ ಮರುದಿನ: "ಒಂದ ಚುಕ್ಕಿ ಐತಿ. ಹಳೇದು ಇಳದಿರಬೇಕು." ಅದರ ಮರುದಿನ ಮತ್ತೆ ಕೋರಾ.

ಕಾಲೇಜು ಶುರುವಾಗುವ ದಿನ ಮೋಡ ಕವಿದಿತ್ತು. ಮಧುಮತಿ ಡಬ್ಬಿ ಕಟ್ಟಿಕೊಂಡು, ಮಾವ ತಮ್ಮ ಕಾಲದಲ್ಲಿ ತಾವೇ ಮಗ್ಗದಲ್ಲಿ ನೇಯ್ದಿದ್ದ ಹಸಿರು ಸೀರೆ ಉಟ್ಟು ಸೆಡ್ಡಿಗೆ ಬಂದಾಗ, ಕಾರು ಆಗಲೇ ಚಾಲೂ ಆಗಿತ್ತು. ಸ್ಟೇರಿಂಗಿನ ಮುಂದೆ ಶಂಭುಲಿಂಗಪ್ಪ. ಬಿಸಿಯಾಗಲಿ ಎಂದು ಹಚ್ಚಿದ್ದೇನೆ ಎಂದರು. ಒಂದು ಮೊಳ ಮುಂದೆ ತಂದು, ಸೆಡ್ಡಿನ ಹೊಸ್ತಿಲ ಕಲ್ಲಿಗೆ ಗಾಲಿ ಮುಟ್ಟಿಸಿ ನಿಲ್ಲಿಸಿದರು.

ಸುಶೀಲವ್ವ ಪೂಜೆಯ ತಾಟು ತಂದರು. ಬಾನೆಟ್ಟಿಗೆ ವಿಭೂತಿ ಬಳಿದು ಕುಂಕುಮ ಹಚ್ಚಿದರು. ನಿಂಬೆಹಣ್ಣು ಹಿಡಿದು ಮುಂದಿನ ಗಾಲಿಯ ಹತ್ತಿರ ಬಗ್ಗಿದವರು, ಒಂದು ಗಳಿಗೆ ಹಾಗೇ ನಿಂತು, ಎದ್ದು ಹೊರಗೆ ನಡೆದರು. ಹೊಸ್ತಿಲು ದಾಟಿ, ರಂಗೋಲಿಯನ್ನೂ ದಾಟಿ, ಅದರ ಆಚೆ ಹಣ್ಣನ್ನು ಇಟ್ಟು ಬಂದರು.

"ಅಷ್ಟ ದೂರ ಯಾಕಿಟ್ಟಿ?" ಎಂದರು ಶಂಭುಲಿಂಗಪ್ಪ ಕಿಟಕಿಯಿಂದ. "ಅದು ರಸ್ತೆ."

"ಅಂಗಳ."

"ಡಾಂಬರ ಹಾಕ್ಯಾರ ನೋಡ ಅಲ್ಲಿ."

"ಡಾಂಬರ ಅವ್ರದು. ದಿನಾ ನೀರಿನ ಥಳಿ ಹೊಡದು ರಂಗೋಲಿ ಹಾಕಾಕಿ ನಾನು. ಅಂಗಳ ನಂದು. ಹಣ್ಣ ಹತ್ತಸ್ರಿ, ಹೊತ್ತಾಗ್ತೈತಿ ಹುಡಿಗಿಗೆ."

ಮಗ್ಗದ ಸದ್ದು ನಿಂತಿತು. ಸುದೀಪ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತ. ಕಾರು ಹೊಸ್ತಿಲ ಕಲ್ಲು ಇಳಿಯಿತು. ರಂಗೋಲಿಯ ಒಂದು ಎಳೆ ಗಾಲಿಗೆ ಹತ್ತಿತು. ನಿಂಬೆಹಣ್ಣು ಪಟ್ಟೆಂದು ಒಡೆದು ರಸ ಡಾಂಬರಿನ ಮೇಲೆ ಹರಿಯಿತು. ಕಾರು ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇನ್ನೂ ಒಂದು ಮೊಳ ಹೋಯಿತು, ಅದರ ಮೇಲೆ ಇನ್ನೊಂದು, ಮತ್ತೂ ಒಂದು. ಸುಶೀಲವ್ವನ ಕೈ ಸೊಸೆಯ ತೋಳನ್ನು ಹಿಡಿಯಿತು. ಹಿಂದಿನ ಗಾಲಿ ಹಣ್ಣಿನ ಸಿಪ್ಪೆಯನ್ನು ದಾಟಿದ ಮೇಲೆ ಕಾರು ನಿಂತಿತು.

ಶಂಭುಲಿಂಗಪ್ಪ ಇಳಿದರು, ಬಲಗಾಲು ಮೊದಲು, ಎಡಗಾಲು ಕೈಯಿಂದ ಎತ್ತಿ ಆಮೇಲೆ. ಬಾಗಿಲನ್ನು ಸೊಸೆಗೆ ತೆರೆದು ಹಿಡಿದರು.

"ಇಟಗಿ ದಾಟೂ ಮುಂದ ಹುಷಾರ. ಅಲ್ಲಿ ರಸ್ತೆ ಸುಮ್ಮಸುಮ್ನ ನಿದ್ದಿ ತರ್ತೈತಿ," ಎಂದರು. ಅವಳು ಕೂತು ಬೆಲ್ಟು ಹಾಕಿಕೊಳ್ಳುವವರೆಗೂ ಬಾಗಿಲು ಬಿಡಲಿಲ್ಲ. "ಸಂಜಿಗೆ ಲಗೂ ಬಾ."

"ಯಾಕ್ರಿ ಮಾವಾರ?"

"ಬಟ್ಟಿ ಹಾಸಬೇಕಲ್ಲ," ಎಂದು ಅವರು ಬಾಗಿಲು ಹಾಕಿದರು.